ತಿಳಿ ಮಡಿವಾಳನಿಗೆ, ಗಸಿ ಮಠಕ್ಕೆ

ನಮ್ಮ ಭಾಗ್ಯನಗರದಲ್ಲಿ ಕೂದಲು ಬೇಕೆಂದರೆ ಚೀಲಗಟ್ಟಲೆ ಸಿಗುತ್ತದೆ, ಒಂದು ಹಿಡಿ ಬೂದಿ ಬೇಕೆಂದರೆ ಓಣಿ ಓಣಿ ತಿರುಗಬೇಕು. ಕೊಪ್ಪಳದಿಂದ ರೈಲ್ವೆ ಹಳಿ ದಾಟಿ ಈ ಕಡೆ ಬಂದರೆ ಒಂದು ಕಾಲಕ್ಕೆ ಕಿವಿಗೆ ಬೀಳುತ್ತಿದ್ದುದು ಮಗ್ಗದ ಸಪ್ಪಳ ಒಂದೇ. ಈಗ ಮಗ್ಗಗಳ ನಡುನಡುವೆ ಕೂದಲಿನ ಗೋದಾಮುಗಳೂ ಇವೆ. ಬಾಚಣಿಗೆಯಲ್ಲಿ ಉಳಿದ ಕೂದಲಿನ ಉಂಡೆಗಳನ್ನು ಊರೂರು ಸುತ್ತಿ ಕೂಡಿಸುವವರು ಅದಕ್ಕೆ ಬದಲಾಗಿ ಕೊಡುವುದು ಪಿನ್ನು, ಬಲೂನು, ಕೂದಲು ಜಾಸ್ತಿ ಇದ್ದರೆ ಒಂದು ಸ್ಟೀಲ್ ಪಾತ್ರೆ. ಆ ಸ್ಟೀಲ್ ಪಾತ್ರೆಯೇ ನಮ್ಮ ಅಡುಗೆಮನೆಗಳಿಂದ ಬೂದಿಯನ್ನು ಓಡಿಸಿದ್ದು ಎಂಬುದು ನನ್ನ ವಾದ. ಹಿತ್ತಾಳೆ ತಾಮ್ರಕ್ಕೆ ಬೂದಿ ಬೇಕಿತ್ತು, ಸ್ಟೀಲಿಗೆ ಸಬೀನಾ ಪುಡಿ ಸಾಕಾಯಿತು. 2016ರಲ್ಲಿ ಉಜ್ವಲಾ ಸಿಲಿಂಡರು ಬಂದಮೇಲೆ ಹಳ್ಳಿಗಳಲ್ಲೂ ಒಲೆ ಹಿತ್ತಲಿಗೆ ಸರಿಯಿತು. ಹೊಗೆ ಕುಡಿದು ಕಣ್ಣು ಕೆಡಿಸಿಕೊಂಡ ಹೆಣ್ಣುಮಕ್ಕಳಿಗೆ ಅದರಿಂದ ಒಳ್ಳೆಯದೇ ಆಯಿತು, ಆ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಪಂಚಮಿ ಹತ್ತಿರ ಬಂದಾಗ ಪಕ್ಕದ ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದು, "ಸರ್, ನಿಮ್ಮ ಕಡೆ ಬೂದಿ ಐತೇನ್ರಿ? ದೇವರ ಸಾಮಾನು ತಿಕ್ಕಬೇಕಾಗೇತಿ" ಎಂದಾಗ ನಾನು ಪೆಚ್ಚಾದೆ. ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳಿಯೇ ತಲೆ ಬೆಳ್ಳಗಾದ ಮನುಷ್ಯ ನಾನು. ಕಾಲೇಜಿನ ಕಪಾಟಿನಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಬಾಟಲಿ ಇದೆ, ಪೊಟ್ಯಾಸಿಯಂ ಕಾರ್ಬೊನೇಟಿನದೂ ಇದೆ. ಅವೆರಡರ ತಾಯಿಯಾದ ಬೂದಿ ಮಾತ್ರ ಮನೆಯಲ್ಲಿಲ್ಲ!

ನನ್ನ ಅಜ್ಜಿಯದು ಯಲಬುರ್ಗಾ ಕಡೆಯ ಎರೆಹೊಲದ ಊರು. ಆಕೆಯ ಒಲೆಗೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಬಳ್ಳಾರಿ ಜಾಲಿ, ಕುಳ್ಳು ಎಲ್ಲ ಬೀಳುತ್ತಿದ್ದವು. ಬೂದಿಯನ್ನೆಲ್ಲ ಒಂದೇ ಎಂದು ಆಕೆ ತಿಳಿದಿರಲಿಲ್ಲ. ಜಾಲಿಯದು ಬಟ್ಟೆಗೆ, ಕುಳ್ಳಿನದು ಪಾತ್ರೆಗೆ ಮತ್ತು ಬೀಜಕ್ಕೆ, ಭತ್ತದ ಹೊಟ್ಟಿನದು ಸಿಕ್ಕರೆ ಹಿತ್ತಾಳೆಗೆ. "ಜರಡಿ ಹಿಡೀಲಾರದ ಬೂದಿ ಮುಟ್ಟಬ್ಯಾಡ, ಹರಳು ಬಂದ್ರ ಕೊಡ ಗೀರು ಬೀಳ್ತೈತಿ" ಎಂದು ಸೊಸೆಯಂದಿರಿಗೆ ತಾಕೀತು.

ಕೊಡ ತಿಕ್ಕುವುದಕ್ಕೂ ಒಂದು ಕ್ರಮವಿತ್ತು. ಮೊದಲು ನೆನೆದ ಹುಣಸೆಹಣ್ಣು. ಅದರ ಟಾರ್ಟಾರಿಕ್ ಆಮ್ಲ ಹಿತ್ತಾಳೆಯ ಮೇಲಿನ ಕಂದುಪದರವನ್ನು, ಅಂದರೆ ತಾಮ್ರದ ಆಕ್ಸೈಡನ್ನು, ಕರಗಿಸುತ್ತದೆ. ಕೊಡ ಒಮ್ಮೆಗೇ ಕೆಂಪಡರಿದ ಹಳದಿಗೆ ತಿರುಗಿ ಹೊಳೆಯುತ್ತದೆ. ಅಲ್ಲಿಗೇ ಬಿಟ್ಟರೆ ಸಂಜೆಗೆ ಮತ್ತೆ ಮಬ್ಬು, ಏಕೆಂದರೆ ಹುಳಿ ಮೈಮೇಲೆ ಉಳಿದಿರುತ್ತದೆ. ಆಗ ತೆಂಗಿನ ಜುಂಗಿನಲ್ಲಿ ಒದ್ದೆ ಬೂದಿ ಹಿಡಿದು ಉಜ್ಜಬೇಕು. ಬೂದಿಯ ಕ್ಷಾರ ಉಳಿದ ಹುಳಿಯನ್ನು ಕೊಲ್ಲುತ್ತದೆ, ಜಿಡ್ಡನ್ನು ಬಿಡಿಸುತ್ತದೆ, ಅದರೊಳಗಿನ ಸಿಲಿಕಾ ಕೊಳೆಯನ್ನು ಕೆರೆಯುತ್ತದೆ. ಅಡುಗೆ ಮಾಡಿ ಅರಿಸಿನ ಹತ್ತಿದ ಅಜ್ಜಿಯ ಬೆರಳುಗಳು ಬೂದಿ ಹಿಡಿದ ಕೂಡಲೇ ಕೆಂಪಗಾಗುತ್ತಿದ್ದವು, ಹುಣಸೆ ರಸ ತಾಕಿದರೆ ಮತ್ತೆ ಹಳದಿ. ಮೊಮ್ಮಕ್ಕಳಿಗೆ ಅದು ಮಾಟ. ಲಿಟ್ಮಸ್ ಕಾಗದ ಕಾಣುವ ಎಷ್ಟೋ ವರ್ಷ ಮೊದಲೇ ನಾನು ಆಮ್ಲ-ಕ್ಷಾರದ ಬಣ್ಣ ನೋಡಿದ್ದು ಆ ಕೈಯಲ್ಲಿ.

ಬಟ್ಟೆಗೆ ಬಳಸುವ ಬೂದಿನೀರು ಹದಕ್ಕೆ ಬಂದಿದೆಯೇ ಎಂದು ನೋಡಲು ಆಕೆ ಎರಡು ಬೆರಳು ಅದ್ದಿ ಒಂದಕ್ಕೊಂದು ಉಜ್ಜುತ್ತಿದ್ದಳು. ಜಾರಿದರೆ ಆಯಿತು. ಆ ಜಾರಿಕೆ ನೀರಿನದಲ್ಲ. ನಮ್ಮ ಚರ್ಮದ ಎಣ್ಣೆಯೇ ಕ್ಷಾರದೊಂದಿಗೆ ಕೂಡಿ ಬೆರಳ ತುದಿಯಲ್ಲಿ ಹುಟ್ಟುವ ಚಿಟಿಕೆ ಸೋಪು. ತುಪ್ಪ ಹತ್ತಿದ ಬೋಗುಣಿಗೆ ಬೂದಿ ಹಾಕಿದಾಗ ಆಗುವುದೂ ಅದೇ.

ಕಟ್ಟಿಗೆ ಸುಟ್ಟರೆ ಇಂಗಾಲ, ಜಲಜನಕ, ಸಾರಜನಕ ಎಲ್ಲ ಗಾಳಿಗೆ ಹೋಗಿ, ಗಿಡ ಮಣ್ಣಿನಿಂದ ಹೀರಿದ್ದ ಖನಿಜ ಮಾತ್ರ ಒಲೆಯಲ್ಲಿ ಉಳಿಯುತ್ತದೆ. ಅದರಲ್ಲಿ ಹೆಚ್ಚಿನದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಜೊತೆಗೆ ಸಿಲಿಕಾ, ಮೆಗ್ನೀಸಿಯಂ, ಒಂದಷ್ಟು ಫಾಸ್ಫೇಟು. ಇವುಗಳ ನಡುವೆ ಸ್ವಲ್ಪವೇ ಇದ್ದರೂ ಎಲ್ಲ ಜೋರು ತೋರಿಸುವುದು ಪೊಟ್ಯಾಸಿಯಂ ಕಾರ್ಬೊನೇಟು. ಈಗ ಬೂದಿಯನ್ನು ನೀರಿಗೆ ಹಾಕಿ. ಒಂದು ಲೀಟರ್ ನೀರು ಪೊಟ್ಯಾಸಿಯಂ ಕಾರ್ಬೊನೇಟನ್ನು 1 ಕಿಲೋಗಿಂತ ಹೆಚ್ಚು ನುಂಗಬಲ್ಲದು. ಅದೇ ಒಂದು ಲೀಟರು ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಿಕೊಳ್ಳುವುದು 15 ಮಿಲಿಗ್ರಾಂ ಕೂಡ ಇಲ್ಲ. ರಾತ್ರಿ ಕಲಸಿಟ್ಟ ಮಡಿಕೆಯಲ್ಲಿ ಬೆಳಗಾಗುವಷ್ಟರಲ್ಲಿ ಎರಡು ಪಾಲಾಗಿರುತ್ತದೆ: ಮೇಲೆ ಕಚ್ಚುವ ತಿಳಿ, ಕೆಳಗೆ ಸಾಧುವಾದ ಗಸಿ. ನಮ್ಮ ನಾಡಿನಲ್ಲಿ ಬೂದಿಯಿಂದ ಮಾಡಿದ ಮಡಿ, ಮದ್ದು, ಮೈಲಿಗೆ ತೊಳೆಯುವಿಕೆ ಎಲ್ಲದರ ಗುಟ್ಟು ಈ ಪಾಲು ಮಾಡುವಿಕೆಯಲ್ಲೇ ಇದೆ. ತಿಳಿಯನ್ನು ಮಡಿವಾಳ ಒಯ್ದ, ವೈದ್ಯ ಒಯ್ದ. ಗಸಿಯನ್ನು ಮಠ ಒಯ್ದಿತು. ಒಬ್ಬರು ಚೆಲ್ಲಿದ್ದು ಇನ್ನೊಬ್ಬರಿಗೆ ಬೇಕಾದದ್ದು.

ಈ ತಿಳಿಯ ಬೆಲೆ ಗೊತ್ತಿದ್ದವರು ನಾವಷ್ಟೇ ಏನಲ್ಲ. ಅಮೆರಿಕ ದೇಶ ಕೊಟ್ಟ ಮೊಟ್ಟಮೊದಲ ಪೇಟೆಂಟು, 1790ರ ಜುಲೈಯಲ್ಲಿ, ಸ್ಯಾಮುಯೆಲ್ ಹಾಪ್ಕಿನ್ಸ್ ಎಂಬವನಿಗೆ ಸಿಕ್ಕಿದ್ದು ಬೂದಿಯಿಂದ ಪೊಟ್ಯಾಷ್ ತೆಗೆಯುವ ವಿಧಾನಕ್ಕೆ. ಅದರ ಮೇಲೆ ಜಾರ್ಜ್ ವಾಷಿಂಗ್ಟನ್ ರುಜು ಇದೆ. ಅಜ್ಜಿಯರು ಪೇಟೆಂಟು ಕೇಳಿದ್ದರೆ ರುಜು ಹಾಕುವವರ ಕೈ ಸೋಲುತ್ತಿತ್ತು.

ಮಡಿವಾಳರ ಉಬ್ಬೆಯನ್ನು ನೋಡಿದವರು ಈಗ ಕಡಿಮೆ. ಕೊಳೆಬಟ್ಟೆಯನ್ನು ಸವಳು ಮಣ್ಣಿನ ನೀರಿನಲ್ಲೋ ಬೂದಿಯ ತಿಳಿಯಲ್ಲೋ ಅದ್ದಿ ಹಿಂಡಿ, ಕುದಿಯುವ ಹಂಡೆಯ ಬಾಯಿಯ ಸುತ್ತ ಗೋಪುರದಂತೆ ಪೇರಿಸಿ, ರಾತ್ರಿಯಿಡೀ ಹಬೆಯಲ್ಲಿ ಬೇಯಿಸುವುದು ಉಬ್ಬೆ. ಬೆಳಿಗ್ಗೆ ಹಳ್ಳಕ್ಕೆ ಒಯ್ದು ಬಂಡೆಗೆ ಒಗೆದರೆ ಜಿಡ್ಡೆಲ್ಲ ಸೋಪಾಗಿ ನೀರಿಗೆ ಹೋಗುತ್ತದೆ. ಹನ್ನೆರಡನೇ ಶತಮಾನದಲ್ಲಿ ಶರಣರ ಬಟ್ಟೆ ಮಡಿ ಮಾಡಿದ ಮಾಚಿದೇವರ ಕಾಯಕವನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಆ ಕಾಯಕದೊಳಗಿನ ರಸಾಯನ ವಿದ್ಯೆಗೆ ಕೈಮುಗಿದವರನ್ನು ನಾನು ಕಂಡಿಲ್ಲ. ಸವಳಿನಲ್ಲಿ ಇರುವುದು ಸೋಡಿಯಂ ಕಾರ್ಬೊನೇಟು, ಪೊಟ್ಯಾಷಿನ ತಮ್ಮ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದು ಗಂಗಾವತಿ ಸೀಮೆ ಭತ್ತದ ಕಣಜವಾಯಿತು, ನೀರು ಹೆಚ್ಚಾದ ಕಡೆ ನೆಲದೊಳಗಿನ ಸವಳೂ ಮೇಲೆದ್ದಿತು. ಮಡಿವಾಳರು ಒಂದು ಕಾಲಕ್ಕೆ ಕೆರೆದು ಬುಟ್ಟಿ ತುಂಬುತ್ತಿದ್ದ ಆ ಬಿಳಿ ಹುಡಿಯನ್ನು ಕಂಡರೆ ಈಗ ರೈತನ ಎದೆ ಒಡೆಯುತ್ತದೆ.

ಉಬ್ಬೆಗೆ ಎಲ್ಲ ಬಟ್ಟೆಯನ್ನೂ ಹಾಕುವಂತಿಲ್ಲ. ಹತ್ತಿ ಕ್ಷಾರವನ್ನು ತಡೆಯುತ್ತದೆ, ಅದು ಸೆಲ್ಯುಲೋಸು. ಕುರುಬರ ಕಂಬಳಿ, ನೇಕಾರರ ರೇಷ್ಮೆ ತಡೆಯುವುದಿಲ್ಲ, ಅವು ಪ್ರೋಟೀನು. ಹಾಗೆಂದು ರೇಷ್ಮೆಗೆ ಕ್ಷಾರವೇ ಬೇಡವೆಂದಲ್ಲ. ಹಸಿ ರೇಷ್ಮೆಯ ತೂಕದಲ್ಲಿ ಕಾಲುಭಾಗದಷ್ಟು ಸೆರಿಸಿನ್ ಎಂಬ ಅಂಟು. ಅದನ್ನು ಬಿಡಿಸಿದರೇ ನೂಲಿಗೆ ಮಿರುಗು, ಬಣ್ಣಕ್ಕೆ ಹಿಡಿತ. ಈಗ ಸೋಪು ಸೋಡದಲ್ಲಿ ಕುದಿಸುತ್ತಾರೆ, ಹಿಂದೆ ಬೂದಿಯ ತಿಳಿಯಲ್ಲಿ. ಅಂಟು ಹೋಗುವಷ್ಟು ಕುದಿಸಬೇಕು, ನೂಲು ಹೋಗುವಷ್ಟು ಕುದಿಸಬಾರದು. ಆ ಗೆರೆ ಎಲ್ಲಿದೆ ಎಂಬುದು ನೇಕಾರನ ಕಣ್ಣಿಗೆ ಗೊತ್ತಿತ್ತು.

ಕೂದಲಿನ ಕಥೆಯೂ ಅದೇ. ಗೋದಾಮಿನ ಹೆಣ್ಣುಮಕ್ಕಳು ಸಿಕ್ಕುಗಟ್ಟಿದ ಉಂಡೆಯನ್ನು ಬಿಡಿಸಿ, ತೊಳೆದು, ಸಾಲು ಮೊಳೆಗಳ ಹಣಿಗೆಯಲ್ಲಿ ಎಳೆದು, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಒಂದು ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈತುಂಬ ಹಂಚು ಹೊದಿಸಿದಂತೆ ಪೊರೆಗಳು. ಕ್ಷಾರ ತಾಕಿದರೆ ಆ ಹಂಚು ಎದ್ದು ನಿಲ್ಲುತ್ತವೆ, ಹುಳಿ ತಾಕಿದರೆ ಮಲಗುತ್ತವೆ. ಎದ್ದು ನಿಂತವು ಒಂದಕ್ಕೊಂದು ಸಿಕ್ಕಿಕೊಂಡು ಜಟೆಯಾಗುತ್ತವೆ. ಬೂದಿನೀರಿನಲ್ಲಿ ತಲೆ ತೊಳೆದ ದಿನ ಕೊನೆಗೆ ಲಿಂಬೆ ಹಿಂಡಿದ ನೀರನ್ನೋ ಮಜ್ಜಿಗೆಯನ್ನೋ ಸುರಿಯುತ್ತಿದ್ದುದಕ್ಕೆ ಇದೇ ಕಾರಣ. ಕ್ಷಾರ ಇನ್ನೂ ಜೋರಾದರೆ ಕೂದಲೇ ಕರಗುತ್ತದೆ; ಪೇಟೆಯಲ್ಲಿ ಸಿಗುವ ಕೂದಲು ತೆಗೆಯುವ ಕ್ರೀಮು ಕೆಲಸ ಮಾಡುವುದು ಆ ಜೋರಿನಲ್ಲಿ. ಚರಕಸಂಹಿತೆಯಲ್ಲಿ ಹಿಪ್ಪಲಿ, ಕ್ಷಾರ, ಉಪ್ಪು ಈ ಮೂರನ್ನು ಅತಿಯಾಗಿ ಬಳಸಬೇಡಿ ಎಂದಿದೆ. ಕ್ಷಾರ ತಿನ್ನುವ ಚಟವಿದ್ದ ಊರುಗಳ ಜನಕ್ಕೆ ಕುರುಡು, ಬೋಳುತಲೆ, ಅಕಾಲದ ನರೆ ಬರುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಹಪ್ಪಳದ ಹಿಟ್ಟಿಗೆ ಕ್ಷಾರ ಹಾಕುವ ಕೈಗಳಿಗೂ, ಕೂದಲಿನಿಂದ ಬದುಕುವ ನಮ್ಮೂರಿಗೂ ಗೋಡೆಯ ಮೇಲೆ ಬರೆಸಿ ಹಾಕಬಹುದಾದ ಮಾತು.

ವೈದ್ಯರ ಪಾಲಿನ ತಿಳಿಗೆ ಬರೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹನ್ನೊಂದನೇ ಅಧ್ಯಾಯ ಪೂರ್ತಿ ಕ್ಷಾರ ಮಾಡುವ ಬಗೆಗೇ ಮೀಸಲು. ಕೆಮಿಸ್ಟ್ರಿ ಓದುವ ಪ್ರತಿ ಹುಡುಗನೂ ಅದನ್ನು ಒಮ್ಮೆ ಓದಬೇಕು, ಅಭಿಮಾನ ಉಕ್ಕಿಸಿಕೊಳ್ಳಲಿಕ್ಕಲ್ಲ, ಕ್ರಮ ಕಲಿಯಲಿಕ್ಕೆ. ಮುತ್ತುಗ, ಉತ್ತರಾಣಿ ಮೊದಲಾದ ಗಿಡಗಳನ್ನು ಸುಟ್ಟು, ಬೂದಿಗೆ ಆರು ಪಟ್ಟು ನೀರು ಸೇರಿಸಿ, 21 ಸಲ ಸೋಸಿ, ದೊಡ್ಡ ಬಾಣಲೆಯಲ್ಲಿ ಸೌಟಾಡಿಸುತ್ತ ಕಾಯಿಸಬೇಕು. ತಿಳಿ ಸ್ವಚ್ಛವಾಗಿ, ಕೆಂಪಾಗಿ, ತೀಕ್ಷ್ಣವಾಗಿ, ಪಿಚ್ಛಿಲವಾಗಿ ಬರಬೇಕು. ಪಿಚ್ಛಿಲ ಎಂದರೆ ಜಾರುವಂಥದ್ದು. ಅಜ್ಜಿಯ ಎರಡು ಬೆರಳಿನ ಪರೀಕ್ಷೆ ಅಲ್ಲೂ ಇದೆ. ಮುಂದಿನ ಹೆಜ್ಜೆ ನಿಜಕ್ಕೂ ಜಾಣತನದ್ದು. ಸುಣ್ಣದ ಕಲ್ಲು, ಚಿಪ್ಪು, ಶಂಖ ಇವುಗಳನ್ನು ಕೆಂಪಗೆ ಕಾಯಿಸಿ ಆ ತಿಳಿಯಲ್ಲೇ ಅದ್ದಿ ಅರೆದು ಸೇರಿಸಬೇಕು. ಸುಟ್ಟ ಸುಣ್ಣ ಪೊಟ್ಯಾಸಿಯಂ ಕಾರ್ಬೊನೇಟಿನ ಕಾರ್ಬೊನೇಟನ್ನು ಕಿತ್ತುಕೊಂಡು ತಾನು ಗಸಿಯಾಗಿ ತಳ ಸೇರುತ್ತದೆ, ನೀರಿನಲ್ಲಿ ಉಳಿಯುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡು. ಅಂದರೆ ಮೃದುವನ್ನು ಉಗ್ರ ಮಾಡುವ ವಿದ್ಯೆ. ಅದನ್ನು ಕಬ್ಬಿಣದ ಕೊಡದಲ್ಲಿ ತುಂಬಿ ಬಾಯಿ ಬಿಗಿದು ಇಡಬೇಕೆಂಬ ಸೂಚನೆಯೂ ಇದೆ. ಗಾಳಿ ಸೋಕಿದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಉಗ್ರ ಮತ್ತೆ ಮೃದುವಾಗುತ್ತದೆ, ಕಬ್ಬಿಣವಾದರೋ ಈ ಕ್ಷಾರಕ್ಕೆ ಜಗ್ಗುವುದಿಲ್ಲ. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1902ರಲ್ಲಿ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲ ಸಂಪುಟ ತಂದಾಗ ಈ ಭಾಗಕ್ಕೆ ಸುಮ್ಮನೆ ಬೆರಗಾಗಲಿಲ್ಲ.

ಈ ಉಗ್ರ ಕ್ಷಾರವನ್ನು ಮೂಲವ್ಯಾಧಿ, ನರುಲಿ, ಭಗಂದರಗಳ ಮೇಲೆ ಹಚ್ಚಿ ನೂರು ಎಣಿಸುವಷ್ಟು ಹೊತ್ತು ಕಾಯಬೇಕು. ಜಾಗ ಕಪ್ಪಾದರೆ ಸುಟ್ಟಿದೆ ಎಂದರ್ಥ. ಆಮೇಲೆ ಹುಳಿ ಪದಾರ್ಥದಿಂದ ಶಮನ. ಉರಿಯುವ ಕ್ಷಾರಕ್ಕೆ ಉರಿಯುವ ಹುಳಿ ಹಾಕಿದರೆ ಉರಿ ಹೇಗೆ ಆರುತ್ತದೆ ಎಂಬ ಪ್ರಶ್ನೆಯನ್ನು ಸುಶ್ರುತನೇ ಎತ್ತಿ, ಎರಡೂ ಕೂಡಿದಾಗ ಸೌಮ್ಯವಾಗುತ್ತದೆ ಎಂದು ಉತ್ತರ ಕೊಡುತ್ತಾನೆ. ನಾನು ತರಗತಿಯಲ್ಲಿ ಬ್ಯುರೆಟ್ಟು ಹಿಡಿದು ವರ್ಷವಿಡೀ ಹೇಳುವುದೂ ಅಷ್ಟೇ. ಇವತ್ತಿಗೂ ಆಯುರ್ವೇದ ಆಸ್ಪತ್ರೆಗಳಲ್ಲಿ ಭಗಂದರಕ್ಕೆ ಕಟ್ಟುವ ಕ್ಷಾರಸೂತ್ರದ ದಾರಕ್ಕೆ 21 ಲೇಪ: ಮೊದಲು ಕಳ್ಳಿಯ ಹಾಲು, ನಡುವೆ ಉತ್ತರಾಣಿಯ ಕ್ಷಾರ, ಕೊನೆಗೆ ಅರಿಸಿನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ಪರೀಕ್ಷೆ ಮಾಡಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ವಾಸಿಯಾಗಲು ಶಸ್ತ್ರಕ್ರಿಯೆಗಿಂತ ಹೆಚ್ಚು ದಿನ ಹಿಡಿಯುತ್ತದೆ, ಆದರೆ ರೋಗ ಮರುಕಳಿಸುವುದು ಕಡಿಮೆ ಎಂದು ಕಂಡುಬಂತು. ನಮ್ಮ ಬೇಲಿಸಾಲಿನಲ್ಲಿ ದನವೂ ಮೂಸದೆ ಬಿಡುವ, ಪಂಚೆಗೆ ಮುಳ್ಳು ಹತ್ತಿಸುವ ಉತ್ತರಾಣಿಗೆ ಇಂಥ ಮರ್ಯಾದೆ.

ಬೂದಿಯ ಹೆಸರಿನಲ್ಲಿ ನಡೆದದ್ದೆಲ್ಲ ಮದ್ದಲ್ಲ. ಕೂಸಿನ ಹೊಕ್ಕಳ ಬಳ್ಳಿ ಕೊಯ್ದ ಜಾಗಕ್ಕೆ ಸಗಣಿ ಬೂದಿ ಹಚ್ಚುವ ರೂಢಿ ಎಷ್ಟು ಮನೆಗಳಲ್ಲಿತ್ತು! ಆಗಷ್ಟೇ ಬೆಂಕಿಯಿಂದ ತೆಗೆದ ಬೂದಿಯಲ್ಲಿ ಯಾವ ಜೀವಾಣುವೂ ಬದುಕಿರುವುದಿಲ್ಲ. ಆದರೆ ಹಚ್ಚುತ್ತಿದ್ದುದು ಬಿಸಿಯಾರಿ, ಕೊಟ್ಟಿಗೆಯ ಮೂಲೆಯಲ್ಲಿ ದನದ ಕಾಲಡಿಯ ಮಣ್ಣು ಕೂಡಿದ ಬೂದಿ. ಅದರಲ್ಲಿ ಧನುರ್ವಾಯುವಿನ ಬೀಜಾಣು ವರ್ಷಗಟ್ಟಲೆ ಕಾದು ಕೂತಿರಬಲ್ಲದು. ಹುಟ್ಟಿದ ವಾರದೊಳಗೆ ಸೆಟೆದು ಸತ್ತ ಕೂಸುಗಳನ್ನು ಜನ ಬಾಲಗ್ರಹದ ಲೆಕ್ಕಕ್ಕೆ ಬರೆದರು. ಬಸುರಿಯರಿಗೆ ಟಿ.ಟಿ. ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಶುದ್ಧ ಬ್ಲೇಡು ಇವು ಬಂದು, ತಾಯಿ-ಶಿಶು ಧನುರ್ವಾಯು ಈ ದೇಶದಿಂದ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಅಜ್ಜಿಯರ ಎಲ್ಲ ವಿದ್ಯೆಯನ್ನೂ ವಿಜ್ಞಾನವೆಂದು ಹೊಗಳುವವರು ಸಿಕ್ಕಾಗ ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ. ಕೈ ತೊಳೆಯುವ ಮಾತು ಬೇರೆ. ಬಾಂಗ್ಲಾದೇಶದಲ್ಲಿ 1990ರ ದಶಕದಲ್ಲಿ ನೋಡಿದಾಗ ಬೂದಿ ಹಚ್ಚಿ ತೊಳೆದ ಕೈಗೂ ಸೋಪಿನ ಕೈಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮುಖ್ಯವಾದದ್ದು ಚೆನ್ನಾಗಿ ಉಜ್ಜುವುದು.

ತಿಳಿಯ ಸಂಗತಿ ಇಷ್ಟಾಯಿತು. ಗಸಿಯನ್ನು ಹಣೆಗೆ ಹಚ್ಚಿಕೊಳ್ಳುವ ವಿದ್ಯೆ ಇನ್ನೂ ನಯವಾದದ್ದು. ಲಿಂಗಾಯತರ ಅಷ್ಟಾವರಣದಲ್ಲಿ ವಿಭೂತಿಯೂ ಒಂದಾದ್ದರಿಂದ ನಮ್ಮ ಕಡೆ ಈಬತ್ತಿ ಗಟ್ಟಿ ಇಲ್ಲದ ಜಗಲಿ ಅಪರೂಪ. ಹಳೆಯ ಕ್ರಮದಲ್ಲಿ ಮಾಡುವವರು ಆಕಳ ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಕೂರಲು ಬಿಟ್ಟು, ಮೇಲಿನ ನೀರನ್ನು ಬಸಿದು ಚೆಲ್ಲುತ್ತಾರೆ. ಕೆಳಗೆ ಕೂತ ಬೆಣ್ಣೆಯಂಥ ಗಸಿಯನ್ನು ಉಂಡೆ ಕಟ್ಟಿ ಒಣಗಿಸಿ, ಮತ್ತೆ ಸುಟ್ಟು, ಮತ್ತೆ ಕದಡುತ್ತಾರೆ. ಪ್ರತಿ ಸಲವೂ ಕಚ್ಚುವ ಪೊಟ್ಯಾಷು ನೀರಿನೊಂದಿಗೆ ಹೋಗುತ್ತದೆ, ಕರಿಯ ಇಂಗಾಲ ಬೆಂಕಿಯಲ್ಲಿ ಹೋಗುತ್ತದೆ. ಉಳಿಯುವುದು ಬಿಳಿಯ, ನುಣುಪಾದ, ಬೆವರಿಗೂ ಚರ್ಮಕ್ಕೂ ತಂಟೆ ಮಾಡದ ಪುಡಿ. ಒಲೆಯ ಹಸಿ ಬೂದಿಯನ್ನೇ ದಿನಾ ಮೂರು ಬೆರಳು ಎಳೆದುಕೊಂಡರೆ ಹಣೆ ಬಿರಿದೀತು. ಬಸಿದು ಚೆಲ್ಲಿದ ಆ ನೀರೇ ಮಡಿವಾಳನಿಗೆ ಬೇಕಾಗಿದ್ದ ತಿಳಿ.

ಗಂಗಾವತಿಯ ಬೂದಿ ಈ ಎರಡೂ ಪಂಗಡಕ್ಕೆ ಸೇರುವುದಿಲ್ಲ. ಅಕ್ಕಿ ಗಿರಣಿಗಳಲ್ಲಿ ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು, ಅದನ್ನು ಬಾಯ್ಲರಿಗೆ ಹಾಕಿದರೆ 40 ಕಿಲೋದಷ್ಟು ಬೂದಿ. ಅದರಲ್ಲಿ ನೂರಕ್ಕೆ 85ರ ಮೇಲೆ ಸಿಲಿಕಾ. ಪೊಟ್ಯಾಷು ನಾಮಮಾತ್ರ. ಇದು ತೊಳೆಯುವ ಬೂದಿಯಲ್ಲ, ಕೆರೆಯುವ ಬೂದಿ. ಹದವಾದ ಕಾವಿನಲ್ಲಿ ಬೆಂದದ್ದು ಹಿತ್ತಾಳೆಗೆ ಹಿತ. ಕಾವು ಮೀರಿದರೆ ಸಿಲಿಕಾ ಹರಳುಗಟ್ಟಿ ಪಾತ್ರೆಗೆ ಗೀರು, ಪುಪ್ಪುಸಕ್ಕೆ ಕುತ್ತು. 2009ರಲ್ಲಿ ಬಂದ ಟಾಟಾ ಸ್ವಚ್ ನೀರಿನ ಫಿಲ್ಟರಿನಲ್ಲಿ ಬೆಳ್ಳಿಯ ಸೂಕ್ಷ್ಮಕಣಗಳ ಜೊತೆಗೆ ಇದ್ದದ್ದು ಈ ಹೊಟ್ಟಿನ ಬೂದಿಯೇ. ಅಜ್ಜಿ ಕುಳ್ಳಿನ ಬೂದಿಯಲ್ಲಿ ಅವರೆ ಬೀಜ ಹೊರಳಿಸಿ ಮಡಿಕೆಗೆ ತುಂಬುತ್ತಿದ್ದುದಕ್ಕೂ ಸಿಲಿಕಾ ಕಾರಣ. ಅದು ಹುಳದ ಮೈಮೇಲಿನ ಮೇಣವನ್ನು ಕೆರೆದುಬಿಡುತ್ತದೆ, ಹುಳ ಒಣಗಿ ಸಾಯುತ್ತದೆ.

ಕಾವು ಮೀರಿದ ಬೂದಿಯನ್ನು ನೋಡಬೇಕೆಂದರೆ ತುಂಗಭದ್ರೆಯ ಆಚೆ ದಂಡೆಗೆ ಹೋಗಬೇಕು. ಬಳ್ಳಾರಿ ಹಾದಿಯ ಕುಡತಿನಿಯಲ್ಲಿ ನಾಲ್ಕು ಸಾವಿರ ವರ್ಷ ಹಿಂದಿನ ಬೂದಿದಿಬ್ಬವಿದೆ. ಹಂಪಿಯ ಪಕ್ಕದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಹೊಳೆಯ ಈಚೆ ಆನೆಗೊಂದಿ ಕಿಷ್ಕಿಂಧೆಯಾದ ಮೇಲೆ ವಾಲಿಗೆ ಒಂದು ಸುಡುಗಾಡು ಬೇಕಲ್ಲ. ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1957ರಲ್ಲಿ ಇಂಥದೇ ಆದ ಉಟ್ನೂರಿನ ದಿಬ್ಬ ಅಗೆದು, ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು, ಸುಟ್ಟದ್ದು ಸಗಣಿ ಎಂದು ತೋರಿಸಿದರು. ಯಾಕೆ ಸುಟ್ಟರು ಎನ್ನುವುದಕ್ಕೆ ಅವರು ಹೋಳಿ, ಸಂಕ್ರಾಂತಿಯಂಥ ಬೆಂಕಿ ಹಬ್ಬಗಳ ಕಡೆ ಬೆರಳು ತೋರಿಸಿದರು. ರೋಗ ತಾಗದಿರಲೆಂದು ದನಗಳನ್ನು ಕಿಚ್ಚು ಹಾಯಿಸುವ ಸಂಕ್ರಾಂತಿ ಹಳೇ ಮೈಸೂರು ಕಡೆ ಇಂದಿಗೂ ಇದೆ. ದಿಬ್ಬಗಳಲ್ಲಿ ಕೆಲವೆಡೆ ಬೂದಿ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ. ಹುಲ್ಲಿನ ಸಿಲಿಕಾ ತಾನಾಗಿ ಕರಗುವಂಥದ್ದಲ್ಲ, ಪೊಟ್ಯಾಷು ಜೊತೆಗಿದ್ದುದರಿಂದ ಬೇಗ ಕರಗಿ ಒರಟು ಗಾಜಾಯಿತು. ಆ ದನಗಾಹಿಗಳು ಬೂದಿಗೆ ನೀರು ಹಾಕಿ ಪಾಲು ಮಾಡಿದ್ದರೋ ಇಲ್ಲವೋ, ಬೆಂಕಿ ಮಾತ್ರ ಎರಡನ್ನೂ ಬಿಡಿಸಲಾರದಂತೆ ಬೆಸೆದಿದೆ.

ಈಚೆಗೆ ಕೊಪ್ಪಳದ ಸುತ್ತ ಮಾಳಿಗೆಯ ಮೇಲೆ ಬೆಳಿಗ್ಗೆ ಬಿದ್ದಿರುವ ಕರಿಹುಡಿಯನ್ನೂ ಜನ ಬೂದಿ ಎಂದೇ ಕರೆಯುತ್ತಾರೆ. ಕಾರ್ಖಾನೆಯ ಚಿಮಣಿಯಿಂದ ಬಂದ ಮಸಿಯಲ್ಲಿ ತಿಳಿಯೂ ಇಲ್ಲ, ಗಸಿಯೂ ಇಲ್ಲ. ಅದು ಪಾತ್ರೆ ತೊಳೆಯುವುದಿಲ್ಲ, ಅದನ್ನೇ ತೊಳೆಯಬೇಕು. 2025ರ ಫೆಬ್ರವರಿಯಲ್ಲಿ ಊರಿಗೆ ಊರೇ ಅಂಗಡಿ ಮುಚ್ಚಿ ಬೀದಿಗಿಳಿದದ್ದು ಇದೇ ಹುಡಿಯ ಸಂಕಟಕ್ಕೆ.

ಪಕ್ಕದ ಮನೆಯವರಿಗೆ ಕೊನೆಗೆ ಬೂದಿ ಸಿಕ್ಕಿತು, ಕಟ್ಟಿಗೆ ಒಲೆಯಲ್ಲಿ ಮಿರ್ಚಿ ಕರಿಯುವ ಒಬ್ಬರ ಹತ್ತಿರ. ನನ್ನ ತಲೆಯಲ್ಲಿ ಮಾತ್ರ ಹುಳ ಬಿಟ್ಟ ಹಾಗಾಯಿತು. ಗವಿಮಠದ ಜಾತ್ರೆಯಲ್ಲಿ ಬೇರೆಬೇರೆ ಅಂಗಡಿಯಿಂದ ತಂದಿದ್ದ ಈಬತ್ತಿ ಗಟ್ಟಿಗಳನ್ನು ಜಗಲಿಯಿಂದ ಇಳಿಸಿ, ಒಂದೊಂದರ ಚೂರಿನ ಮೇಲೆ ಲಿಂಬೆರಸ ಬಿಟ್ಟೆ. ಒಂದು ಚುರ್ರೆಂದು ನೊರೆಗಟ್ಟಿತು: ಕಾರ್ಬೊನೇಟು. ಅದು ಸಗಣಿ ಬೂದಿಯೂ ಇರಬಹುದು, ಬರೀ ಸೀಮೆಸುಣ್ಣವೂ ಇರಬಹುದು, ನೊರೆಯೊಂದರಿಂದಲೇ ಹೇಳಲಾಗದು. ಇನ್ನೊಂದು ಕಮಕ್ ಕಿಮಕ್ ಎನ್ನಲಿಲ್ಲ: ಜಿಪ್ಸಮ್ಮೋ ಬಿಳಿಜೇಡಿಯೋ ಇರಬೇಕು. ಮೂರನೆಯದನ್ನು ನೀರಿನಲ್ಲಿ ಕದಡಿ ಬೆರಳು ಅದ್ದಿ ಜಾರುತ್ತದೆಯೇ ಎಂದು ನೋಡುತ್ತ ಕೂತಿದ್ದೆ. ಒಳಗಿನಿಂದ ಬಂದ ಹೆಂಡತಿ ತಟ್ಟೆ, ಲಿಂಬೆಹೋಳು, ಬರಿದಾದ ಜಗಲಿ ಎಲ್ಲವನ್ನೂ ಒಮ್ಮೆ ನೋಡಿ ಹೇಳಿದಳು: "ದೇವರ ಈಬತ್ತಿ ಮಡಿ ಐತೋ ಇಲ್ಲೋ ಆಮ್ಯಾಲ ನೋಡೂಣಂತ, ಮೊದಲ ನೀವು ಜಳಕಾ ಮಾಡ್ರಿ."